ಸಂಜೆ ಇಲ್ಲದ ಹುಡುಗಿ

“ನಿನ್ನೆ ಸಂಜಿ ಅಂದ್ರ ಏನ್ರಿ ಅಕ್ಕೋರ?” ಎಂದಳು ಏಳವ್ವ.

ಕಸ್ತೂರಿ ಅಕ್ಕೋರು ಸೀಮೆಸುಣ್ಣ ಹಿಡಿದ ಕೈಯನ್ನು ಹಲಗೆಯ ಮುಂದೆ ಹಾಗೇ ನಿಲ್ಲಿಸಿದರು.

“ನಿನ್ನೆ ಸಂಜಿ ಅಂದ್ರ ನಿನ್ನೆ ಸಂಜಿವಾ. ಸಾಲಿ ಬಿಟ್ಟ ಮ್ಯಾಲ ಮನಿಗೆ ಹೋಗಿ, ಚಾ ಕುಡದು, ಆಡಾಕ ಹೋಗೂ ಹೊತ್ತು.”

“ನನಗ ಅದಿಲ್ರಿ. ನೀವು ‘ವಿಚಾರ ಮಾಡಿ ನಾಳೆ ಹೇಳು’ ಅಂದ್ರಿ. ಆಮ್ಯಾಲ ‘ಹೇಳವಾ’ ಅಂದ್ರಿ. ನಡುವ ಏನೂ ಆಗಿಲ್ಲ. ಅಷ್ಟರಾಗ ನೀವು ಸೀರಿ ಯಾವಾಗ ಬದಲಿ ಮಾಡಿದ್ರಿ?”

ಪ್ರಯೋಗಾಲಯದ ಗಾಜಿನ ಈಚೆ ಕುಳಿತಿದ್ದ ನನಗೆ ನಗು ಬಂತು. ಅಕ್ಕೋರಿಗೆ ಬರಲಿಲ್ಲ. ಅವರು ನನ್ನತ್ತ ತಿರುಗಿ, “ಅಡಿವೆಪ್ಪಣ್ಣಾ, ಈ ಹುಡುಗಿಗೆ ಸಂಜಿನ ಇಲ್ಲೇನಪಾ?” ಎಂದರು.

ಇರಲಿಲ್ಲ. ಇಲ್ಲದ ಹಾಗೆ ನೋಡಿಕೊಳ್ಳುವುದೇ ನನ್ನ ಕೆಲಸವಾಗಿತ್ತು.

ಏಳವ್ವ ನಿಜವಾದ ಹುಡುಗಿಯಲ್ಲ, ಒಂದು ಪಾಟಿ. ಹಿಂದಿನ ಕಾಲದ ಮಕ್ಕಳು ಬರೆಯುತ್ತಿದ್ದ ಸ್ಲೇಟಿನಷ್ಟೇ ಅಗಲ; ಅದಕ್ಕೊಂದು ಕಣ್ಣು, ಒಂದು ಕಿವಿ, ಒಂದು ದನಿ, ಮೂಲೆಯಲ್ಲಿ ಎಚ್ಚರವಿದ್ದಾಗ ಉರಿಯುವ ಹಸಿರು ದೀಪ. ಧಾರವಾಡದ ನಮ್ಮ ಕಲಿಕಾ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದವಳು. ಆ ಹೊತ್ತಿಗೆ ಎಲ್ಲ ಬಲ್ಲ ಯಂತ್ರಗಳು ಊರ ತುಂಬ ಆಗಿದ್ದವು. ಬಸ್‌ಸ್ಟಾಪಿನ ಕಂಬವನ್ನು ಕೇಳಿದರೂ ಉತ್ತರ ಸಿಗುತ್ತಿತ್ತು, ಬೇಡವೆಂದರೂ ಸಿಗುತ್ತಿತ್ತು. ನಮ್ಮ ನಿರ್ದೇಶಕಿ ಮೃಣಾಲಿನಿ ದೇಸಾಯಿ ಮೇಡಂ ತಲೆಗೆ ಹೊಳೆದದ್ದು ಇದರ ತಿರುವುಮುರುವು. ಏನೂ ಗೊತ್ತಿಲ್ಲದ ಯಂತ್ರವೊಂದಿದ್ದರೆ ಹೇಗೆ?

ಅದರ ಉಪಯೋಗ ಕೇಳಿ. ಯಾವ ಶಿಕ್ಷಕರು ಹೇಗೆ ಕಲಿಸಿದರೆ ಮಕ್ಕಳಿಗೆ ಹತ್ತುತ್ತದೆ ಎಂದು ಅಳೆಯಲು ಹೊರಟವರಿಗೆ ಮೊದಲಿನಿಂದ ಒಂದೇ ತೊಡಕು: ಈ ಶಾಲೆಯ ಮಕ್ಕಳ ಹಾಗೆ ಆ ಶಾಲೆಯ ಮಕ್ಕಳಿರುವುದಿಲ್ಲ. ಒಬ್ಬಳು ಚುರುಕು, ಒಬ್ಬ ಹಸಿದವನು, ಇನ್ನೊಬ್ಬನ ಲಕ್ಷ್ಯವೆಲ್ಲ ಕಿಟಕಿಯ ಆಚೆ. ಅದರ ಬದಲು ಒಂದೇ ಮಗುವಿನ ಹನ್ನೆರಡು ಪಡಿಯಚ್ಚು ತೆಗೆದು ಹನ್ನೆರಡು ಶಿಕ್ಷಕರಿಗೆ ಕೊಟ್ಟರೆ, ಮಗುವಿನಲ್ಲಿ ಆಮೇಲೆ ಕಾಣುವ ವ್ಯತ್ಯಾಸವೆಲ್ಲ ಶಿಕ್ಷಕರದೇ. ಯಂತ್ರಕ್ಕೆ ಅಜ್ಞಾನ ಕಲಿಸುವುದು ಮಾತ್ರ ಸುಲಭವಿರಲಿಲ್ಲ. ಮೊದಮೊದಲ ಪಾಟಿಗಳು ಏಳರ ಮಗ್ಗಿ ಬರೋದಿಲ್ಲ ಎನ್ನುತ್ತಲೇ ಮುಂದಿನ ಸೂರ್ಯಗ್ರಹಣದ ತಾರೀಕು ಹೇಳಿಬಿಡುತ್ತಿದ್ದವು. ಸೋಸಿ ಸೋಸಿ ಕೊನೆಗೆ ಹತ್ತು ವರ್ಷದ ಧಾರವಾಡದ ಹುಡುಗಿಯೊಬ್ಬಳ ಮಾತು, ಅಷ್ಟೇ ತಿಳಿವಳಿಕೆ, ಅವಳು ಮಾಡುವಂಥ ತಪ್ಪು ಉಳಿದವು. ಏಳನೇ ಪಾಟಿ ಕಸ್ತೂರಿ ಅಕ್ಕೋರ ಪಾಲಿಗೆ ಬಂತು. “ನಂಬರಿಗೆ ನಾ ಪಾಠ ಹೇಳಾಕಿ ಅಲ್ಲ” ಎಂದು ಅವರು ಮೊದಲ ದಿನವೇ ಅವಳಿಗೆ ಏಳವ್ವ ಎಂದು ಹೆಸರಿಟ್ಟರು.

ಸಂಜೆ ಐದಕ್ಕೆ ನಾನು ಗುಂಡಿ ಒತ್ತಿ ಹನ್ನೆರಡೂ ಪಾಟಿಗಳನ್ನು ನಿಲ್ಲಿಸುತ್ತಿದ್ದೆ. ಮರುದಿನ ಪಾಠದ ಹೊತ್ತಿಗೆ ಮತ್ತೆ ಎಬ್ಬಿಸುತ್ತಿದ್ದೆ. ನಡುವೆ ಬೇರೆಯವರ ಮಾತು ಕಿವಿಗೆ ಬಿದ್ದರೆ ಕಲಿಸಿದ್ದು ಶಿಕ್ಷಕರೋ ಪಕ್ಕದ ಮನೆಯವರೋ ಹೇಗೆ ತಿಳಿಯಬೇಕು? ವಿಜ್ಞಾನದ ದೃಷ್ಟಿಯಿಂದ ಬಹಳ ಅಚ್ಚುಕಟ್ಟು. ಆದರೆ ಅಕ್ಕೋರ ಪಾಠಕ್ಕೆ ಅದೇ ಮುಳುವಾಗಿತ್ತು.

ಯಾಕೆಂದರೆ ಅಕ್ಕೋರು ಪಾಠ ಮುಗಿಸುವವರೇ ಅಲ್ಲ. ಗಂಟೆ ಬಾರಿಸುವ ಹೊತ್ತಿಗೆ ಸರಿಯಾಗಿ ಒಂದು ಪ್ರಶ್ನೆ ಕೇಳಿ, ಉತ್ತರ ಹೇಳದೆ, ಸೆರಗಿನಿಂದ ಕೈ ಒರೆಸಿಕೊಂಡು ಎದ್ದುಬಿಡುತ್ತಿದ್ದರು. ಪರವೂರಿಗೆ ಹೊರಟವರಿಗೆ ನಮ್ಮ ಕಡೆ ದಾರಿಯಲ್ಲಿ ತಿನ್ನಲು ರೊಟ್ಟಿ ಚಟ್ನಿ ಗಂಟು ಕಟ್ಟಿ ಕೊಡುತ್ತೇವಲ್ಲ, ಆ ಬುತ್ತಿಯ ಹೆಸರನ್ನೇ ಅವರು ಇದಕ್ಕೂ ಇಟ್ಟಿದ್ದರು. “ತಗೊ, ಇದು ಇವತ್ತಿನ ಬುತ್ತಿ. ದಾರಿಯಾಗ ಬಿಚ್ಚು, ಮನ್ಯಾಗ ಹಂಚು.” ಊರ ಹೊರಗಿನ ಅವರ ಶಾಲೆಯ ಮಕ್ಕಳು ಅದನ್ನು ಮನೆಗೊಯ್ದು ಅಪ್ಪ ಅವ್ವ ಅಜ್ಜಂದಿರ ತಲೆ ತಿಂದು, ಮರುದಿನ ಹತ್ತು ತರಹದ ಉತ್ತರ ತರುತ್ತಿದ್ದರಂತೆ. ಏಳವ್ವನ ಬುತ್ತಿ ಬಿಚ್ಚುವ ಮೊದಲೇ ಬೆಳಗಾಗಿಬಿಡುತ್ತಿತ್ತು. ದಿನದ ಕೊನೆಗೆ ಅಂಕ ಹಾಕುವ ಯಂತ್ರ ಅವಳಿಗೆ ಎಲ್ಲರಿಗಿಂತ ಕಡಿಮೆ ಕೊಡುತ್ತಿತ್ತು.

ಅದು ಬರೀ ಅಂಕದ ಮಾತಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಶಿಕ್ಷಣ ಇಲಾಖೆಯವರು ಒಂದು ಗೆರೆ ಎಳೆದಿದ್ದರು. ಶುಕ್ರವಾರದ ಕೊನೆಯ ಪರೀಕ್ಷೆಯಲ್ಲಿ ಯಾರ ಪಾಟಿ ಗೆರೆಯ ಕೆಳಗೆ ಬೀಳುತ್ತದೋ ಆ ಶಿಕ್ಷಕರು ಸೋಮವಾರದಿಂದ ತರಗತಿ ಬಿಟ್ಟು ವರ್ಷದ ತರಬೇತಿಗೆ ಹೋಗಬೇಕು. ಅವರ ತರಗತಿಯ ಮಕ್ಕಳು ದೊಡ್ಡ ಶಾಲೆಗೆ ಹೋಗಿ ಪರದೆಯ ಮುಂದೆ ಕೂರಬೇಕು. ಅಕ್ಕೋರ ಐದನೇ ಕ್ಲಾಸಿನ ಮಕ್ಕಳು ಮಾರ್ಚ್ ದಾಟಿದರೆ ಮೇಲಿನ ಶಾಲೆಗೆ ಹೋಗುವವರು. “ಅಲ್ಲೀತನಕ ನನ್ನ ಕಡೆ ಬಿಡ್ರಿ. ಆಮ್ಯಾಲ ತರಬೇತಿ ಅಲ್ಲ, ತಪಸ್ಸಿಗೆ ಬೇಕಾದ್ರೂ ಹೋಗತೇನಿ” ಎಂದಿದ್ದರು.

ಅಂದು ಬುಧವಾರ.

“ನನ್ನ ಬುತ್ತಿ ತಿನ್ನಾಕ ಆಕಿಗೆ ಹೊತ್ತರ ಎಲ್ಲೈತ್ರಿ ಮೇಡಂ?” ಕ್ಯಾಂಟೀನಿನಲ್ಲಿ ಚಹಾದ ಮುಂದೆ ಕೂತು ಅಕ್ಕೋರು ಕೇಳಿದರು. “ಬರೀ ಸಾಲಿ ಇದ್ದು ಮನಿ ಇಲ್ಲದ ಮಗು ಎಲ್ಯರ ಇರತೈತೇನ್ರಿ?”

ದೇಸಾಯಿ ಮೇಡಂ ಬಿಸ್ಕೀಟನ್ನು ಚಹಾದಲ್ಲಿ ಅದ್ದಿ ಮರೆತುಬಿಟ್ಟರು. ಅದು ಮುರಿದು ತಳಕ್ಕೆ ಹೋಯಿತು. ಅವರು ವಿಚಾರ ಮಾಡುತ್ತಿದ್ದಾರೆ ಎನ್ನುವುದಕ್ಕೆ ನಮಗೆಲ್ಲ ಅದೇ ಗುರುತು.

“ಅಡಿವೆಪ್ಪ, ಇವರು ಹೇಳೋದರಾಗ ಅರ್ಥ ಅದ. ನಾವು ಗಾಳಿ ತಾಗಬಾರದು ಅಂತ ಕಿಟಕಿ ಮುಚ್ಚಿ, ಗಿಡ ಯಾಕ ಅಳ್ಳಾಡವಲ್ಲದು ಅಂತ ಬರಕೋತ ಕೂತೇವಿ.”

“ಹಂಗಾದ್ರ ಏಳವ್ವನ್ನ ಇವತ್ತ ನಮ್ಮನಿಗೆ ಕರಕೊಂಡ ಹೋಗ್ಲೇನ್ರಿ?” ಎಂದೆ ನಾನು.

“ಒಬ್ಬಾಕಿಗೆ ಸಂಜಿ ಕೊಟ್ರ ಹನ್ನೆರಡೂ ಮಂದಿಗೆ ಕೊಡಬೇಕು. ಇಲ್ಲಾಂದ್ರ ಅದು ಪ್ರಯೋಗ ಅಲ್ಲ, ಪಕ್ಷಪಾತ.”

ಮಧ್ಯಾಹ್ನದೊಳಗೆ ಮೇಡಂ ಇಲಾಖೆಗೆ ತಿಳಿಸಿ ಒಪ್ಪಿಗೆ ತರಿಸಿದರು. ಚೀಟಿ ಎತ್ತಿದೆವು. ಒಂದು ಪಾಟಿ ಕ್ಯಾಂಟೀನಿನವರ ಮನೆಗೆ, ಒಂದು ವಾಚಮನ್ನನ ಮನೆಗೆ, ಒಂದು ಮೇಡಂ ಮನೆಗೆ, ಹೀಗೆ. ಏಳು ನನಗೇ ಬಂತು. ಮನೆಯವರಿಗೆ ನಿಯಮ ಒಂದೇ: ಪಾಠ ಮಾಡಲು ಕೂರಬಾರದು, ಕೇಳಿದರೆ ಮನೆಯ ಮಕ್ಕಳಿಗೆ ಹೇಳಿದ ಹಾಗೆ ಹೇಳಬೇಕು.

ಐದು ಗಂಟೆಗೆ ಅಕ್ಕೋರು ಬುತ್ತಿ ಕಟ್ಟಿದರು. “ಏಳವ್ವಾ, ಅರ್ಧಾನ್ನ ಪಾವಲೇ ಭಾಗಿಸಿದ್ರ ಎಷ್ಟು? ಮತ್ತ ಯಾಕ?” ಪಾವು ಎಂದರೆ ಕಾಲು, ಪಾವಲೇ ಎಂದರೆ ಕಾಲಿನಿಂದ. ನಾನು ಅಂದು ಗುಂಡಿ ಒತ್ತಲಿಲ್ಲ.

“ಇದನ್ಯಾಕ ತಂದ್ರಿ? ಮನ್ಯಾಗ ಮಾತಾಡವ್ರು ಕಡಿಮಿ ಬಿದ್ದಿದ್ರೇನು?” ಎಂದಳು ನನ್ನ ಹೆಂಡತಿ ಸುವರ್ಣಾ.

ಅಕ್ಕಿ ಆರಿಸುತ್ತ ಕೂತಿದ್ದ ಅವ್ವ ಕನ್ನಡಕದ ಮೇಲಿಂದ ಪಾಟಿಯನ್ನು ನೋಡಿದಳು. “ಯಾರ ಮಗಳವಾ ನೀ?”

“ಯಾರ ಮಗಳೂ ಅಲ್ರಿ. ಏಳನೇದಾಕಿ.”

“ಹೌದಾ? ನಾ ಆರನೇದಾಕಿ. ಆರರ ಮ್ಯಾಲ ಹೆಸರಿಡಾಕ ಯಾರಿಗೆ ಪುರಸೊತ್ತಿರತೈತಿ ಬಿಡು. ಬಾ, ಇಲ್ಲಿ ಕೂಡು.” ಪಾಟಿಯನ್ನು ಮೊರದ ಪಕ್ಕದಲ್ಲಿ ಗೋಡೆಗೆ ಆನಿಸಿ ಇಟ್ಟುಕೊಂಡಳು. ಅವ್ವನಿಗೆ ಹೊಸಬರು ಸಿಕ್ಕರೆ ಸಾಕು, ಕಣ್ಣಿರಲಿ ದೀಪವಿರಲಿ.

ಏಳವ್ವ ಒಂದಷ್ಟು ಹೊತ್ತು ಸುತ್ತ ನೋಡಿದಳು. ಒಗ್ಗರಣೆ ಸಿಡಿದರೆ ಏನದು, ಬೆಳಕು ಯಾಕೆ ಕೆಂಪಾಗುತ್ತಿದೆ, ಅವ್ವನ ಹಲ್ಲು ಎಲ್ಲಿ ಹೋದವು, ಎಲ್ಲ ಕೇಳಿದಳು. ಆಮೇಲೆ ಬುತ್ತಿ ಬಿಚ್ಚಿದಳು. “ಅಜ್ಜೀ, ಅರ್ಧಾನ್ನ ಪಾವಲೇ ಭಾಗಿಸಿದ್ರ ಎಷ್ಟ್ರಿ?”

“ಅರ್ಧಪಾವು” ಎಂದಳು ಅವ್ವ, ಕಲ್ಲೊಂದನ್ನು ಹೊರಗೆಸೆದು. “ಅರ್ಧಾ ಇದ್ದದ್ದನ್ನ ನಾಕ ಪಾಲು ಮಾಡಿದ್ರ ಅಷ್ಟಲ್ಲದ ಮತ್ತೆಷ್ಟು?”

“ಅಲ್ರಿ ಅತ್ತಿ” ಎಂದಳು ಸುವರ್ಣಾ ಒಲೆಯ ಮುಂದಿನಿಂದ. “ಅರ್ಧದಾಗ ಪಾವು ತಗದ್ರ ಪಾವ ಉಳೀತೈತಿ.”

“ತಗಿ ಅಂದ್ರೇನು ಆಕಿ? ಭಾಗ ಮಾಡು ಅಂದಾಳ.”

“ಭಾಗ ಮಾಡಿದ್ರೂ ತಗದ್ರೂ ಹೋಗೂದು ಮನೀದ ಹೋಗತೈತಿ.”

ಕಂಪೌಂಡಿನ ಆಚೆಯಿಂದ ಖಾಸೀಂ ಕಾಕಾನ ತಲೆ ಮೇಲೆದ್ದಿತು. ಕಾಕಾ ಕಂಡಕ್ಟರಾಗಿದ್ದವರು. ಬಸ್ಸುಗಳು ತಾವೇ ಓಡಿ, ಟಿಕೇಟನ್ನೂ ತಾವೇ ಕೊಡತೊಡಗಿದ ಮೇಲೆ ಮನೆಯಲ್ಲಿದ್ದಾರೆ. ಜಗಳದ ವಾಸನೆ ಬಂದರೆ ಮಾತ್ರ ಗೋಡೆಯ ಹತ್ತಿರ ಬರುತ್ತಾರೆ.

“ಎಷ್ಟ ಜಗ್ಗಾಡತೀರಿ? ಅರ್ಧಾ ಅಂದ್ರ ಹಾಫ್ ಟಿಕೇಟು. ಒಂದು ಹಾಫ್ ಟಿಕೇಟಿನ ಮ್ಯಾಲ ನಾಕ ಮಂದಿ ಹತ್ತಿದ್ರ ಭಾಗಾಕಾರ ಇಲ್ಲ, ಏನಿಲ್ಲ. ಸೀಟಿ ಊದಿ ನಾಕೂ ಮಂದೀನ ಇಳಸೋದು.”

“ಇಳಿಸಿದ್ರ ಅವರು ಮನಿಗೆ ಹೆಂಗ ಹೋಗ್ತಾರ್ರಿ ಕಾಕಾ?” ಎಂದಳು ಏಳವ್ವ.

ಕಾಕಾ ಗದ್ದ ಕೆರೆದುಕೊಂಡರು. “ಹೌದ್ ನೋಡು. ಇಷ್ಟ ವರ್ಷ ಇಳಿಸಿದೆ, ಇದನ್ನ ಒಂದ ದಿನಾನೂ ವಿಚಾರ ಮಾಡಲಿಲ್ಲ.”

ನಿಯಮ ಮುರಿಯಬಾರದೆಂದು ಅಷ್ಟು ಹೊತ್ತು ತುಟಿ ಬಿಗಿಹಿಡಿದಿದ್ದೆ. ಆದರೆ ಮನೆಯ ಮಕ್ಕಳಿಗೆ ಹೇಳಿದ ಹಾಗೆ ಹೇಳಬಹುದಲ್ಲ. “ಎರಡು” ಎಂದೆ.

ಎಲ್ಲರೂ ನನ್ನನ್ನೇ ನೋಡಿದರು.

“ಎರಡು?” ಎಂದಳು ಅವ್ವ. “ಅರ್ಧಾ ಇದ್ದದ್ದು ಭಾಗ ಮಾಡಿದ್ರ ಎರಡು? ಸುವರ್ಣಾ, ನಾಳಿಂದ ಕಿರಾಣಿ ತರಾಕ ಇವನ್ನ ಕಳಸು. ಅರ್ಧಾ ಕೆಜಿ ಬ್ಯಾಳಿ ರೊಕ್ಕದಾಗ ಎರಡು ಕೆಜಿ ತರತಾನ.”

“ಹಂಗಲ್ಲ ಅವ್ವಾ. ಎರಡನೇ ಭಿನ್ನರಾಶಿ ತಲಿಕೆಳಗ ಮಾಡಿ ಗುಣಿಸಬೇಕು, ಅಷ್ಟ.”

“ಯಾಕ ತಲಿಕೆಳಗ ಮಾಡಬೇಕ್ರಿ?” ಎಂದಳು ಏಳವ್ವ.

“ಅದು ಹಂಗ ಐತಿ.”

“ಯಾಕ ಹಂಗ ಐತ್ರಿ?”

ಅನ್ನ ಸೀಯುತ್ತಿದೆ ಎಂದು ನಾನು ಒಳಗೆ ಹೋದೆ. ಅನ್ನ ಇನ್ನೂ ಒಲೆಗೇ ಏರಿರಲಿಲ್ಲ ಎನ್ನುವುದನ್ನು ಸುವರ್ಣಾ ಇಡೀ ಓಣಿಗೆ ಕೇಳುವ ಹಾಗೆ ಹೇಳಿದಳು.

ಗುರುವಾರ ಬೆಳಿಗ್ಗೆ ಪ್ರಯೋಗಾಲಯದಲ್ಲಿ ಹನ್ನೆರಡೂ ಪಾಟಿಗಳು ಸಾಲಾಗಿ ಕೂತವು. ಬೇರೆ ಹನ್ನೊಂದು ಶಿಕ್ಷಕರು ಹಿಂದಿನ ದಿನವೇ ಇದೇ ಪಾಠವನ್ನು ಪೂರ್ತಿ ಮುಗಿಸಿ, ಉತ್ತರವನ್ನೂ ಕೊಟ್ಟು ಕಳಿಸಿದ್ದರು. ಹಾಗಾಗಿ ಅವರ ಪಾಟಿಗಳಿಗೆ ಮನೆಯಲ್ಲಿ ಕೇಳಲು ಏನೂ ಇರಲಿಲ್ಲ. ಸಂಜೆಯೆಂಬುದನ್ನು ಅವು ತಮಗೆ ತಿಳಿದ ಹಾಗೆ ಕಳೆದಿದ್ದವು. ಕ್ಯಾಂಟೀನಿನವರ ಮನೆಯ ಪಾಟಿ ಬಂದು ಕೂತದ್ದೇ, “ಅತ್ತೀನ್ನ ಕ್ಷಮಿಸಿಬಿಡ್ರಿ, ಆಕೀದೇನೂ ತಪ್ಪಿಲ್ಲ” ಎಂದು ಗದ್ಗದಿತವಾಗಿ ಹೇಳಿತು. ಟಿವಿಯ ಧಾರಾವಾಹಿ. ಆದರೂ ಲೆಕ್ಕ ಕೇಳಿದರೆ ಹನ್ನೊಂದೂ ಎರಡು ಎಂದವು.

ಏಳವ್ವ ಹೇಳಿದ್ದು ಬೇರೆ. “ಅರ್ಧಪಾವು. ಅಲ್ಲ ಅನ್ನವ್ರು ನನ್ನ ಮುಂದ ಬಂದ ಹೇಳ್ರಿ.”

ಅಂಕ ಹಾಕುವ ಯಂತ್ರ ಸೊನ್ನೆ ಕೊಟ್ಟಿತು. ಇಷ್ಟು ದಿನ ಕೆಳಗಿದ್ದ ಅಂಕ ಇನ್ನೂ ಕೆಳಗಿಳಿಯಿತು. ನನ್ನ ಅವ್ವನ ದನಿಯೇ ಎಲ್ಲರಿಗಿಂತ ಜೋರು. ಏಳವ್ವ ಅದನ್ನೇ ಆರಿಸಿಕೊಂಡಿದ್ದಳು. ನನಗೆ ನೆಲ ಬಿರಿದರೆ ಸಾಕೆನಿಸಿತು.

ಅಕ್ಕೋರ ಮುಖ ಮಾತ್ರ ಹಬ್ಬದ ಮನೆಯ ಹಾಗೆ. “ಯಾರ್ಯಾರು ಏನೇನ ಅಂದ್ರು? ಒಂದೊಂದ ಹೇಳವಾ.”

ಏಳವ್ವ ಹೇಳಿದಳು. ಅಜ್ಜಿಯ ಅರ್ಧಪಾವು, ಸುವರ್ಣಕ್ಕನ ಪಾವು, ಕಾಕಾ ಇಳಿಸಿದ ನಾಲ್ಕು ಮಂದಿ. “ಆಮ್ಯಾಲ ಅಡಿವೆಪ್ಪಣ್ಣ ಎರಡು ಅಂದ್ರು. ಯಾರೂ ನಂಬಲಿಲ್ರಿ. ಯಾಕ ಅಂತ ಕೇಳಿದ್ರ ಅನ್ನ ನೋಡಾಕ ಹೋದ್ರು.”

ಅಕ್ಕೋರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ಪ್ರತಿಯೊಂದು ಉತ್ತರವನ್ನೂ ಹಲಗೆಯ ಮೇಲೆ ಬರೆದು, ಅಜ್ಜಿ ಯಾಕೆ ಹಾಗಂದಿರಬೇಕು, ಸುವರ್ಣಕ್ಕ ಯಾಕೆ ಹಾಗಂದಿರಬೇಕು ಎಂದು ಏಳವ್ವನ ಬಾಯಿಂದಲೇ ಹೇಳಿಸಿದರು. ಇಡೀ ದಿನ ಅದೇ ಆಯಿತು. ಸರಿ ಉತ್ತರ ಯಾವುದೆಂದು ಮಾತ್ರ ಅವರ ಬಾಯಿಂದ ಬರಲಿಲ್ಲ. ಐದಕ್ಕೆ ಮತ್ತೆ ಅದೇ ಬುತ್ತಿ ಕಟ್ಟಿದರು.

ನಾನು ಹೊರಗೆ ಅವರನ್ನು ತಡೆದೆ. “ಅಕ್ಕೋರ, ಕೈ ಮುಗೀತೇನಿ. ನಾಳೆ ಪರೀಕ್ಷಾ. ಎರಡು ಅಂತ ಒಂದ್ ಮಾತ ಹೇಳಿಬಿಡ್ರಿ. ನಿಮಗ ಹೆದರಿಕಿ ಇಲ್ಲೇನು?”

ಅವರು ಚಪ್ಪಲಿ ಮೆಟ್ಟುತ್ತಿದ್ದವರು ನಿಂತರು. “ಐತಪಾ. ನಿದ್ದಿ ಹತ್ತವಲ್ಲದು. ಒಂದನೇ ಕ್ಲಾಸಿನಿಂದ ಕೈ ಹಿಡಕೊಂಡ ಬಂದ ಮಕ್ಕಳು. ನಾ ಇಲ್ಲಿ ಬರೋವಾಗ ‘ಸೋಮವಾರ ಬರತೀರಲ್ರಿ?’ ಅಂತ ಕೇಳಿ ಕಳಿಸ್ಯಾವ.” ಇನ್ನೊಂದು ಚಪ್ಪಲಿಯನ್ನೂ ಮೆಟ್ಟಿದರು. “ಆದ್ರ ಹೆದರಿ ಉತ್ತರ ಹೇಳಿಬಿಟ್ರ ನಿಮ್ಮನ್ಯಾಗಿನ ಜಗಳ ನಿಂತ ಹೋಗತೈತಿ. ಜಗಳ ನಿಂತ್ರ ಆಕಿ ಏನ ಕಲೀಬೇಕು? ಅಂಜಿ ಕಲಿಸಿದಾಕಿ ಸೋಮವಾರ ಆ ಮಕ್ಕಳ ಮುಂದ ಹೆಂಗ ನಿಲ್ಲಲಿ?”

ಜಗಳ ನಿಲ್ಲಲಿಲ್ಲ. ಆ ಸಂಜೆ ಅದು ಓಣಿಗೆ ಹರಿಯಿತು. ಎದುರು ಮನೆಯವರು ಬಂದರು, ಇಸ್ತ್ರಿ ಅಂಗಡಿಯವನು ಬಂದ. ಅವ್ವ ಉಪ್ಪಿಟ್ಟನ್ನು ತಾಟಿನಲ್ಲಿ ಹರವಿ, ಅರ್ಧ ಕತ್ತರಿಸಿ, ಆ ಅರ್ಧವನ್ನು ನಾಲ್ಕು ಮಾಡಿ, “ನೋಡ್ರಿ, ಎರಡು ಎಲ್ಲೈತಿ?” ಎಂದು ಎಲ್ಲರಿಗೂ ತೋರಿಸಿದಳು. ತೋರಿಸುತ್ತ ತೋರಿಸುತ್ತ ಉಪ್ಪಿಟ್ಟೇ ಖರ್ಚಾಗಿ, ವಾದಕ್ಕೆ ಆಧಾರ ಉಳಿಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವ್ವ ಪಾಟಿಯನ್ನು ಎತ್ತಿಕೊಂಡು ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು. “ಹುಡುಗಿಗೆ ನಾಕ ಮಂದಿ ಮುಖಾ ಕಾಣಲಿ.” ನಾನು ಒಳಗೆ ಗಡ್ಡ ಹೆರೆಯುತ್ತ, ಇಲಾಖೆಯವರಿಗೆ ಏನು ಹೇಳಲಿ ಎಂದು ಮಾತು ಹೊಂದಿಸುತ್ತಿದ್ದೆ. ಹಾಲಿನ ಜಾನೂಬಾಯಿ ಬಂದಳು. ಎಮ್ಮೆ ಸಾಕುವ ಗೌಳೇರವಳು; ಎಲ್ಲರ ಮನೆಗೂ ಹಾಲನ್ನು ಯಂತ್ರದ ಬಂಡಿ ತರುತ್ತಿದ್ದ ಕಾಲದಲ್ಲೂ ನಮ್ಮ ಓಣಿಯವರು ಅವಳನ್ನು ಬಿಟ್ಟಿರಲಿಲ್ಲ.

“ಎಷ್ಟ್ ಹಾಕ್ಲಿ ಆಯೀ?”

“ದಿನಾ ಹಾಕಿದಷ್ಟು. ಅರ್ಧಾ ಲೀಟರ್.”

ಜಾನೂಬಾಯಿ ಪಾವು ಲೀಟರಿನ ತಂಬಿಗೆಯಂಥ ಅಳತೆಯನ್ನು ಕ್ಯಾನಿನೊಳಗೆ ಇಳಿಸಿ ತುಂಬಿ ಪಾತ್ರೆಗೆ ಸುರಿದಳು. ಇನ್ನೊಮ್ಮೆ ಇಳಿಸಿ ತುಂಬಿ ಸುರಿದಳು.

“ಅಜ್ಜೀ” ಎಂದಳು ಏಳವ್ವ. “ಅದು ಎಷ್ಟರ ಅಳತಿ?”

“ಪಾವು.”

“ಎಷ್ಟ ಸಲ ಹಾಕಿದ್ರು?”

“ಎರ...” ಎಂದ ಅವ್ವನ ಬಾಯಿ ತೆರೆದಂತೆಯೇ ಉಳಿಯಿತು.

“ಅರ್ಧಾನ್ನ ನಾಕ ಮಂದಿಗೆ ಹಂಚೋದಲ್ಲ ಇದು” ಎಂದಳು ಏಳವ್ವ, ಮೆಲ್ಲಗೆ, ತನಗೆ ತಾನೇ ಹೇಳಿಕೊಳ್ಳುವ ಹಾಗೆ. “ಅರ್ಧದಾಗ ಪಾವು ಎಷ್ಟ ಸಲ ಹಿಡೀತೈತಿ ಅಂತ ಕೇಳೋದು. ಹಾಲು ಹೆಚ್ಚಾಗೂದಿಲ್ಲ. ಅಳತಿ ಸಣ್ಣದೈತಿ, ಅದಕ್ಕ ಎರಡು ಸಲ. ಅಡಿವೆಪ್ಪಣ್ಣ ಖರೇನ ಹೇಳಿದ್ರು, ಅವರಿಗೆ ಗೊತ್ತಿರಲಿಲ್ಲ ಅಷ್ಟ.”

ಕೆನ್ನೆಗೆ ನೊರೆ ಹಚ್ಚಿಕೊಂಡೇ ನಾನು ಬಾಗಿಲಿಗೆ ಬಂದಿದ್ದೆ. ಗೋಡೆಯ ಆಚೆ ಕಾಕಾನ ತಲೆ ಎದ್ದಿತ್ತು. ಅವ್ವ ಪಾತ್ರೆಯೊಳಗೆ ಬಗ್ಗಿ ಬಹಳ ಹೊತ್ತು ನೋಡಿದಳು. ಮುಪ್ಪಿನವರೆಗೆ ದಿನಾ ಕೊಂಡ ಹಾಲು. “ಇದು ನನ್ನ ಕಣ್ಣ ಮುಂದ ಇತ್ತಲ್ಲೋ” ಎಂದಳು. ಸೋತದ್ದಕ್ಕೆ ಅವ್ವ ನಕ್ಕದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಜಾನೂಬಾಯಿಗೆ ಇದ್ಯಾವುದೂ ತಿಳಿಯಲಿಲ್ಲ. ದಿನದ ಹಾಗೆ ಅಳತೆಯ ತಳದಲ್ಲಿ ಇನ್ನೊಂಚೂರು ಹಾಲು ಎತ್ತಿ ಪಾತ್ರೆಗೆ ಬಿಟ್ಟಳು.

“ಎರಡಾಗಿತ್ತಲ್ರಿ. ಇದೇನು?” ಎಂದಳು ಏಳವ್ವ.

“ಕೊಸರು” ಎಂದಳು ಅವ್ವ.

ಮಧ್ಯಾಹ್ನ ಇಲಾಖೆಯಿಂದ ಹೊಸಮನಿ ಸಾಹೇಬರು ಬಂದರು. ಮೆದು ಮಾತಿನವರು, ನಿಯಮದ ಮನುಷ್ಯ. ಹನ್ನೆರಡು ಶಿಕ್ಷಕರೂ ಗೋಡೆಗುಂಟ ಕೂತರು. ಅಕ್ಕೋರು ಮಡಿಲಲ್ಲಿ ಕೈ ಕಟ್ಟಿಕೊಂಡಿದ್ದರು. ನಾನು ಕಣ್ಸನ್ನೆಯಲ್ಲೇ ‘ಹೆದರಬ್ಯಾಡ್ರಿ, ಆಕಿಗೆ ಬಂದೈತಿ’ ಎಂದೆ.

ಅದೇ ಅರ್ಧ, ಪಾವಿನ ಪ್ರಶ್ನೆ ಪರದೆಯ ಮೇಲೆ ಮೂಡಿತು. ಹನ್ನೊಂದು ಪಾಟಿಗಳು ಎರಡು ಎಂದವು, ಹನ್ನೊಂದಕ್ಕೂ ಸರಿ ಗುರುತು ಬಿತ್ತು. ಏಳವ್ವ ಹೇಳಿದಳು: “ಎರಡು. ಮ್ಯಾಲ ಒಂಚೂರು ಕೊಸರು.”

ಯಂತ್ರ ತಪ್ಪು ಗುರುತು ಹಾಕಿತು.

ಹೊಸಮನಿ ಸಾಹೇಬರು ಗಂಟಲು ಸರಿಮಾಡಿಕೊಂಡರು. “ಹುಡುಗಿ ಜಾಣಿ ಅದಾಳ, ಇಲ್ಲನ್ನೂದಿಲ್ಲ. ಆದ್ರ ಯಂತ್ರ ತಪ್ಪು ಅಂದೈತಿ. ಗೆರಿ ಗೆರಿನ ಅಕ್ಕೋರ. ನಾ ಏನ ಮಾಡಲಿ?”

ಅಕ್ಕೋರು ಎದ್ದು ನಿಂತರು. ವಾದಕ್ಕಲ್ಲ. “ಏಳವ್ವಾ, ಕೊಸರು ಎಲ್ಲಿಂದ ಬಂತವಾ?” ಎಂದು ತರಗತಿಯಲ್ಲಿ ಕೇಳುವ ದನಿಯಲ್ಲೇ ಕೇಳಿದರು.

“ಜಾನೂಬಾಯಿ ಹಾಕಿದ್ರು. ಲೆಕ್ಕದಾಗ ಎರಡ ಐತ್ರಿ. ಅರ್ಧಾ ಲೀಟರಿನ್ಯಾಗ ಪಾವಿನ ಅಳತಿ ಎರಡು ಸಲ ಹಿಡೀತೈತಿ. ಕೊಸರು ಲೆಕ್ಕದ ಹೊರಗಿಂದು. ಅದು ಅಜ್ಜಿ ದಿನಾ ಹಾಲು ಕೊಳ್ತಾಳಂತ ಪ್ರೀತಿಲೇ ಹಾಕಿದ್ದು. ಆದ್ರ ಪಾತ್ರಿಯಾಗ ಅದೂ ಇತ್ತಲ್ರಿ, ಹೇಳಲಿಲ್ಲಂದ್ರ ಸುಳ್ಳ ಹೇಳಿದಂಗ ಆಗತೈತಿ.”

ಸಾಹೇಬರ ಮೀಸೆ ಅಲುಗಿತು. “ನಮ್ಮನಿಗೆ ಹಾಲು ತರೋ ಬಂಡಿ ಕೊಸರು ಹಾಕೂದಿಲ್ಲ ನೋಡ್ರಿ” ಎಂದರು ಪಕ್ಕದಲ್ಲಿದ್ದ ಮೇಡಂಗೆ. “ಕೇಳಿದ್ರ ದೂರು ಬರಸ್ರಿ ಅಂತೈತಿ.”

ದೇಸಾಯಿ ಮೇಡಂ ಮುಂದೆ ಬಂದರು. “ಇನ್ನೊಂದು ಪ್ರಶ್ನೆ ಕೇಳಲಿಕ್ಕೆ ನನಗ ಅವಕಾಶ ಕೊಡ್ರಿ. ಯಾರೂ ಕಲಿಸಿರದ್ದು.” ಹನ್ನೆರಡೂ ಪಾಟಿಗಳ ಕಡೆ ತಿರುಗಿದರು. “ಮುಕ್ಕಾಲನ್ನ ಅರ್ಧದಿಂದ ಭಾಗಿಸಿದ್ರ ಎಷ್ಟು? ಮತ್ತ ಯಾಕ?”

ಕೆಲವು ಪಾಟಿಗಳು ಎರಡನೆಯ ಭಿನ್ನರಾಶಿಯನ್ನು ತಲೆಕೆಳಗು ಮಾಡಿ ಸರಿ ಉತ್ತರ ಕೊಟ್ಟವು. ಕೆಲವಕ್ಕೆ ಯಾವುದನ್ನು ತಲೆಕೆಳಗು ಮಾಡಬೇಕೆಂಬುದೇ ಮರೆತಿತ್ತು. ಒಂದು ಎರಡನ್ನೂ ಮಾಡಿತು. ಯಾಕೆ ಎಂದದ್ದಕ್ಕೆ ಸರಿ ಉತ್ತರ ಕೊಟ್ಟವೂ ಒಂದೇ ಮಾತು ಹೇಳಿದವು: “ನಿಯಮ ಹಂಗ ಐತ್ರಿ.” ನನ್ನದೇ ದನಿ ಕೇಳಿದ ಹಾಗಾಗಿ ನನಗೆ ಕಿವಿ ಬಿಸಿಯಾಯಿತು. ವಾಚಮನ್ನನ ಮನೆಯಿಂದ ಬಂದ ಮೂರನೇ ಪಾಟಿ ಮಾತ್ರ ಕಬ್ಬು ತುಂಡು ಮಾಡಿದ ಕತೆಯೊಂದನ್ನು ಶುರುಮಾಡಿ ಅರ್ಧಕ್ಕೆ ಗೊಂದಲವಾಯಿತು. ಅವರ ಮನೆಯ ಮಕ್ಕಳ ನಡುವೆ ಅದೂ ಏನನ್ನೋ ಹಿಡಿಯಲು ಹೊರಟಿತ್ತು.

ಏಳವ್ವನ ಹಸಿರು ದೀಪ ಮಿಣುಕಿತು.

“ಒಂದೂವರಿ” ಎಂದಳು. “ಮುಕ್ಕಾಲು ಲೀಟರ್ ಹಾಲು ಬೇಕು, ಜಾನೂಬಾಯಿ ಕಡೆ ಅರ್ಧಾ ಲೀಟರಿನ ಅಳತಿ ಅಷ್ಟ ಐತಿ. ಒಂದ್ ಸಲ ತುಂಬಿ ಹಾಕ್ತಾರ. ಎರಡನೇ ಸಲ ಅಳತಿ ಅರ್ಧಾ ತುಂಬಿದ್ರ ಸಾಕು. ಕೊಸರು ಹೇಳಲೇನ್ರಿ, ಬ್ಯಾಡೇನ್ರಿ?”

ಮೊದಲು ನಕ್ಕವರು ಉಳಿದ ಹನ್ನೊಂದು ಶಿಕ್ಷಕರು. ಅವರಲ್ಲೊಬ್ಬರು ಎದ್ದು ಬಂದು ಅಕ್ಕೋರ ಕೈ ಹಿಡಿದುಕೊಂಡರು.

“ಸಾಹೇಬರ,” ಎಂದರು ದೇಸಾಯಿ ಮೇಡಂ, “ತಪ್ಪು ನಮ್ಮ ತಕ್ಕಡಿದು. ಪಾಠ ಮುಗಿದ ಕ್ಷಣಕ್ಕ ಎಷ್ಟು ನೆನಪದ ಅಂತ ಅಳದ್ವಿ. ಪಾಠ ಮನಿಗೆ ಹೋಗಿ ಏನ ಮಾಡ್ತದ ಅಂತ ಅಳೀಲೇ ಇಲ್ಲ. ಬರೀ ಎರಡು ಸಂಜಿಗೆ ಇಷ್ಟಾಗ್ಯದ. ಇದು ಪೂರಾ ಸತ್ಯ ಅಂತ ನಾ ಈಗ ಹೇಳಂಗಿಲ್ಲ, ಇನ್ನೂ ನೂರು ಮನಿ, ಒಂದು ವರ್ಷ ಬೇಕು. ಆದ್ರ ಈ ತಕ್ಕಡಿ ಹಿಡಕೊಂಡು ಯಾರನ್ನೂ ತರಗತಿಯಿಂದ ಎಬ್ಬಸೋದಕ್ಕ ನಾ ಸಹಿ ಹಾಕಂಗಿಲ್ಲ.”

ಸಾಹೇಬರು ಕೈಯಲ್ಲಿದ್ದ ಪಟ್ಟಿಯನ್ನು ಒಮ್ಮೆ, ಅಕ್ಕೋರನ್ನು ಒಮ್ಮೆ ನೋಡಿದರು. ನಿಯಮದ ಮನುಷ್ಯನಿಗೆ ಇನ್ನೊಂದು ನಿಯಮ ಸಿಕ್ಕರೆ ಎಷ್ಟು ಹಗುರಾಗುತ್ತದೆ ಎನ್ನುವುದು ಆಗ ಕಂಡಿತು. “ಪ್ರಯೋಗ ಅಪೂರ್ಣ ಅಂತ ಬರೀತೇನಿ. ಅಪೂರ್ಣ ಇದ್ದಾಗ ಗೆರಿ ಲೆಕ್ಕಕ್ಕ ಬರೂದಿಲ್ಲ. ಹನ್ನೆರಡೂ ಮಂದಿ ಸೋಮವಾರ ನಿಮ್ಮ ನಿಮ್ಮ ಸಾಲಿಗೆ ಹೋಗ್ರಿ. ಅಕ್ಕೋರ, ನಿಮ್ಮ ಐದನೇ ಕ್ಲಾಸು ದಾಟಿಸೋತನಕ ನಿಮ್ಮನ್ನ ಯಾರೂ ಕರಿಯೂದಿಲ್ಲ.”

ಅಕ್ಕೋರು ಸೆರಗಿನಿಂದ ಕೈ ಒರೆಸಿಕೊಂಡರು, ಸೀಮೆಸುಣ್ಣ ಹಿಡಿಯದಿದ್ದರೂ. ಬಾಗಿಲವರೆಗೆ ಹೋದವರು ತಿರುಗಿ ನಿಂತರು.

“ಮೇಡಂ, ನಿಮಗೂ ಒಂದು ಬುತ್ತಿ ಕಟ್ಟಲೇನು?”

“ಕಟ್ರಿ.”

“ಕೊಸರು ಎಷ್ಟನೇ ಭಾಗ?”

ಅಂದು ಸಂಜೆ ಕ್ಯಾಂಟೀನಿನಲ್ಲಿ ಮೇಡಂ ಅವರ ಎರಡು ಬಿಸ್ಕೀಟು ಚಹಾದೊಳಗೆ ಬಿದ್ದವು.

ಹೊಸ ಪ್ರಯೋಗಕ್ಕೆ ಪಾಟಿಗಳು ಮನೆಗಳಲ್ಲೇ ಉಳಿಯುವುದೆಂದು ಆಯಿತು. ಸೋಮವಾರ ಬೆಳಿಗ್ಗೆ ಏಳವ್ವ ಅವ್ವನ ಜೊತೆ ಕಟ್ಟೆಯ ಮೇಲಿದ್ದಳು. ಇನ್ನೊಂದು ಗಂಟೆಗೆ ನಾನು ಅವಳನ್ನು ಅಕ್ಕೋರ ಶಾಲೆಗೇ ಬಿಡಬೇಕಿತ್ತು. ಐದನೇ ಕ್ಲಾಸಿನವರು ನಡುವಿನ ಬೆಂಚಿನಲ್ಲಿ ಜಾಗ ಹಿಡಿದಿದ್ದಾರೆಂದು ಸುದ್ದಿ ಬಂದಿತ್ತು. ಮನೆಯ ಮುಂದೆ ಕಾರೊಂದು ನಿಂತು ದೇಸಾಯಿ ಮೇಡಂ ಇಳಿದರು. ಕೈಯಲ್ಲಿ ಸ್ಟೀಲಿನ ಡಬ್ಬಿ.

“ಮೇಡಂ, ಇಷ್ಟ ಲಗೂನ?” ಎಂದೆ.

“ಹಾಲಿಗೆ ಬಂದೀನಿ” ಎಂದರು ಮೇಡಂ, ನನ್ನ ಮುಖ ನೋಡದೆ.

ಜಾನೂಬಾಯಿ ಬಂದಳು. ಮೇಡಂ ಡಬ್ಬಿ ಮುಂದೆ ಹಿಡಿದರು. ಒಂದು ಅಳತೆ, ಎರಡು ಅಳತೆ. ಆಮೇಲೆ ಅಳತೆ ಮತ್ತೆ ಕ್ಯಾನಿಗಿಳಿಯಿತು.

“ಜಾನೂಬಾಯಿ, ಒಂದ ನಿಮಿಷ ನಿಂದರು” ಎಂದರು ಮೇಡಂ. “ಈಗ ಹಾಕ್ತೀಯಲ್ಲ, ಅದು ಎಷ್ಟು? ಹೆಂಗ ಅಳೀತಿ?”

“ಅದನ್ನ ಯಾರ ಅಳೀತಾರ ಬಾಯೀ?” ಎಂದಳು ಜಾನೂಬಾಯಿ. “ಹಾಲು ಕೊಳ್ಳೋರ ಮುಖಾ ನೋಡಿ ಹಾಕೋದು.”

“ಹಂಗಾದ್ರ ಮೊದಲನೇ ಸಲ ಬಂದವರಿಗೆ?” ಎಂದಳು ಏಳವ್ವ.

ಜಾನೂಬಾಯಿ ಮೇಡಂ ಮುಖವನ್ನು ಒಮ್ಮೆ ಸರಿಯಾಗಿ ನೋಡಿದಳು. ಆಮೇಲೆ ಅಳತೆಯನ್ನು ಸ್ವಲ್ಪ ಆಳಕ್ಕೇ ಇಳಿಸಿ ಎತ್ತಿ ಸುರಿದಳು. ಡಬ್ಬಿಯೊಳಗೇ ಬಗ್ಗಿ ನೋಡುತ್ತಿದ್ದ ಮೇಡಂ ಅದನ್ನು ನೆಟ್ಟಗೆ ಹಿಡಿಯಲು ಮರೆತರು. ಹಾಲು ಅಂಚು ಮೀರಿ ಕಟ್ಟೆಯ ಮೇಲೆ ಹರಿಯಿತು, ಖಾಸೀಂ ಕಾಕಾನ ಬೆಕ್ಕು ಗೋಡೆಯಿಂದ ಇಳಿದು ಬಂತು.